ಕೊನೆಯ ಕಂತು ನೋಡುವ ಮುಂಚೆ

ಅಪ್ಪಾ,

ಆಸ್ಪತ್ರೆಗೆ ಹೊರಟೆ, ಇವತ್ತೂ ಎರಡು ಪಾಳಿ. ಕುರಿಮಾಂಸದ ಪೈ ಓವನ್‌ನಲ್ಲಿದೆ. ಬಿಸಿ ಮಾಡಿಕೊಂಡು ತಿನ್ನು, ಚಹಾ ಬಿಸ್ಕತ್ತಿನಲ್ಲೇ ಊಟ ಮುಗಿಸಬೇಡ.

ಎಂಟಕ್ಕೆ ಧಾರಾವಾಹಿಯ ಕೊನೆಯ ಕಂತು. ನೋಡಲು ಪಕ್ಕದ ಮನೆಯ ಎನಿಡ್ ಆಂಟಿ ಬರುತ್ತಾರೆ. ಹೋದ ವಾರದ ಹಾಗೆ "ಯಾವ ಪೊಲೀಸ್ನೋನು ಕೈಗವಸಿಲ್ದೆ ಚಾಕು ಮುಟ್ತಾನ್ರೀ?" ಅಂತ ಅವರ ಕಿವಿ ತೂತು ಮಾಡಬೇಡ. ತಪ್ಪುಗಳನ್ನೆಲ್ಲ ನಿನ್ನ ಹಳೇ ಪೊಲೀಸ್ ನೋಟ್‌ಬುಕ್ಕಿನಲ್ಲಿ ಗಂಟೆ, ನಿಮಿಷ ಸಮೇತ ಬರೆದು ಚಾನೆಲ್‌ಗೆ ಕಳಿಸುವುದನ್ನೂ ನಿಲ್ಲಿಸು. ಮೂರು ಕಾಗದಕ್ಕೂ ಉತ್ತರವಿಲ್ಲ. ಅಂಚೆಗೆ ಹಾಕಿ ಹಾಕಿ ನನಗೇ ಸಾಕಾಗಿದೆ.

ಈ ಧಾರಾವಾಹಿಯ ಮೂಲ ಕಾದಂಬರಿಯನ್ನು ನಿನ್ನೆ ಬಸ್ಸಿನಲ್ಲಿ ಓದಿ ಮುಗಿಸಿದೆ. ಮೊದಲೇ ಹೇಳಿಬಿಡುತ್ತೇನೆ, ಬೈಯಬೇಡ. ಬಂದರಿನಲ್ಲಿ ಕೊಲೆಯಾದ ಹುಡುಗಿ, ಅವಳ ಹಸಿರು ಕೋಟು, ಎಲ್ಲ ನಿನ್ನ ಆ ಹಳೇ ಕೇಸಿನ ಹಾಗೇ ಇದೆ. ಆದರೆ ಅದರಲ್ಲಿ ಕೊಲೆಗಾರ ಸಿಕ್ಕಿಬೀಳುತ್ತಾನೆ.

"ಸುಳ್ಳು, ನಮ್ಗೆ ಅವ್ನು ಸಿಗ್ಲೇ ಇಲ್ಲ" ಅಂತ ನೋಟ್‌ಬುಕ್ ತೆಗೆಯಬೇಡ. ನಿನ್ನ ಪೆನ್ನು ನನ್ನ ಚೀಲದಲ್ಲಿದೆ.

ನಿವೃತ್ತಿಯ ದಿನದವರೆಗೂ ಹುಡುಕಿದೆಯಲ್ಲಪ್ಪಾ. ಇವತ್ತೊಂದು ದಿನ ಅವನು ಸಿಗಲಿ, ಬಿಡು.

ಹೇಝಲ್