ಅಪ್ಪನೊಡನೆ ಜಗಳವಾಡಲು ಬನ್ನಿ

ಮಾಮನಿಗೆ ನಮಸ್ಕಾರ,

ಕಳೆದ ಭಾನುವಾರ ನೀವು ಕೊಂಡು ತಂದ ಹಳೆಯ ಗ್ರಾಮೊಫೋನನ್ನು ಪರೀಕ್ಷಿಸಲು ಅಪ್ಪನನ್ನು ಕರೆಸಿಕೊಂಡಿರಿ. ಅಪ್ಪ ಎಂದಿನಂತೆ ಕೀಲಿ ಕೊಟ್ಟು, ಮುಳ್ಳು ಇಳಿಸಿ, ತಲೆ ವಾಲಿಸಿ ಕೇಳಿ, "ಸದ್ದು ಚೊಕ್ಕವಾಗಿದೆ" ಎಂದರು. ಸದ್ದು ಹೊರಡಿಸುವ ಅಭ್ರಕದ ಬಿಲ್ಲೆ ಸಡಿಲವಾಗಿ, ಹಾಡಿನುದ್ದಕ್ಕೂ ಗರಗರ ಎನ್ನುತ್ತಿದ್ದುದು ನನಗೇ ಕೇಳಿಸುತ್ತಿತ್ತು. ನಿಮಗೆ ಕೇಳಿಸದೆ ಇರುತ್ತದೆಯೇ? ಆದರೂ ನೀವು, "ನೀನು ಹೇಳಿದ ಮೇಲೆ ಮುಗೀತು ಬಿಡಪ್ಪ" ಎಂದಿರಿ.

ಅದು ಕರುಣೆಯಿಂದ ಆಡಿದ ಮಾತು. ಪಕ್ಕದಲ್ಲಿದ್ದ ನಾನೂ ತಲೆಯಾಡಿಸಿದೆ. ಸರಿ ಮಾಡಿದೆವೋ ಇಲ್ಲವೋ ಎಂದು ಈಗಲೂ ನನಗೆ ಗೊತ್ತಾಗುತ್ತಿಲ್ಲ. ಮನೆಗೆ ಬರುವಾಗ ಅಪ್ಪ ಹೇಳಿದರು: "ಇಷ್ಟು ವರ್ಷ ನನ್ನ ಒಂದು ಮಾತೂ ಒಪ್ಪದವನು ಇವತ್ತು ಒಪ್ಪಿಬಿಟ್ಟ ಕಣೇ. ನನ್ನ ಕಿವಿ ಹೋಯ್ತು ಅಂತ ಆಗಲೇ ಗೊತ್ತಾಯ್ತು." ಅಂದಿನಿಂದ ಅಪ್ಪ ತಾವು ಕೂಡಿಟ್ಟ ಗ್ರಾಮೊಫೋನುಗಳಲ್ಲಿ ಒಂದರ ಮುಚ್ಚಳವನ್ನೂ ತೆರೆದಿಲ್ಲ. ಎಲ್ಲವನ್ನೂ ಯಾರಿಗಾದರೂ ಕೊಟ್ಟುಬಿಡು ಎನ್ನುತ್ತಿದ್ದಾರೆ.

ನನ್ನದೊಂದು ಕೋರಿಕೆ. ಈ ಭಾನುವಾರ ಆ ಗ್ರಾಮೊಫೋನನ್ನು ನಮ್ಮ ಮನೆಗೆ ತನ್ನಿ. ಬಿಲ್ಲೆಯನ್ನು ರಿಪೇರಿ ಮಾಡಿಸಬೇಡಿ. ಅದರ ಅಂಚಿನ ಮೇಲೆ ಅಪ್ಪನ ಬೆರಳಿಡಿಸಿ. ಕಿವಿಗೆ ಸಿಗದ ಅದುರು ಬೆರಳಿಗೆ ಸಿಗಬಹುದು. ಆಮೇಲೆ ಮೊದಲಿನ ಹಾಗೆ, "ನಿನಗೆ ತಗಡೂ ಒಂದೇ, ಹಿತ್ತಾಳೆನೂ ಒಂದೇ ಕಣಯ್ಯ" ಎಂದು ಜಗಳ ತೆಗೆಯಿರಿ. ಅಪ್ಪನಿಗೆ ಎಡಗಿವಿ ಇನ್ನೂ ಸ್ವಲ್ಪ ಕೇಳಿಸುತ್ತದೆ. ಆ ಕಡೆ ಕುಳಿತು ಎಷ್ಟು ಬೇಕಾದರೂ ಕೂಗಿ. ಅಕ್ಕಪಕ್ಕದವರಿಗೆ ನಾನು ಹೇಳಿಕೊಳ್ಳುತ್ತೇನೆ.

ನಿಮ್ಮಿಬ್ಬರ ಜಗಳ ಕೇಳಿಯೇ ಬೆಳೆದ,
ನಿಮ್ಮ ಗೆಳೆಯನ ಮಗಳು