ಡಾಕ್ಟರಿಗೆ ಅಪ್ಪನ ಬೈಗುಳ

ಅಕ್ಕಾ,

ಇದು ನನ್ನ ಕಿತಾಪತಿಯಲ್ಲ, ಅಪ್ಪಟ ಸತ್ಯಕಥೆ. ಅಪ್ಪನ ಆಪರೇಷನ್‌ಗೆಂದು ಕಟ್ಟಿಟ್ಟ ಬ್ಯಾಗನ್ನು ಬಿಚ್ಚಿಬಿಡು! ಗಡ್ಡೆ ಯಾವ ಬಗೆಯದೆಂದು ಹೇಳುವ ಮಾರ್ಕರ್ ಪರೀಕ್ಷೆಯ ವರದಿ ಬಂತು. ಇದು ಔಷಧಿಗೆ ಬಗ್ಗುವ ಜಾತಿಯ ಕ್ಯಾನ್ಸರಂತೆ. ಮೊದಲು ಕೀಮೋ, ಮೂತ್ರಕೋಶ ತೆಗೆಯುವ ಮಾತು ಸದ್ಯಕ್ಕಿಲ್ಲ. ಅದನ್ನೇ ಮಾತಾಡಲು, ನೀನು ಮನೆಗೆ ಬರುವ ಮೊದಲೇ ಅಪ್ಪ, ನಾನು ಇಬ್ಬರೂ ಆಸ್ಪತ್ರೆಗೆ ಹೊರಟೆವು. ಹಾಲು ಕಾಯಿಸು. ಖುಷಿಗೆ ಅಳುವುದಾದರೆ ಒಲೆ ಆರಿಸಿ ಅಳು.

ಬೆಳಿಗ್ಗೆ ಡಾಕ್ಟರು ಫೋನಿನಲ್ಲಿ ಇದನ್ನು ಹೇಳಿದಾಗ, ನಾನೇ ಎಂದಿನಂತೆ ಅವರ ದನಿ ಅನುಕರಿಸಿ ಆಟವಾಡಿಸುತ್ತಿದ್ದೇನೆ ಅಂದುಕೊಂಡ ಅಪ್ಪ, “ಲೋ ಕತ್ತೆ, ಇದ್ರಲ್ಲೂ ತಮಾಷೆನಾ? ಇಡೋ ಫೋನು!” ಎಂದು ಗದರಿದರು. ಅಷ್ಟರಲ್ಲಿ ನಾನು ಬಾಯಲ್ಲಿ ಬ್ರಷ್ ಇಟ್ಟುಕೊಂಡು ಬಚ್ಚಲಿನಿಂದ ಬಂದೆ. ಅಪ್ಪ ನನ್ನನ್ನು ನೋಡಿದರು, ಫೋನನ್ನು ನೋಡಿದರು. ಬೈಸಿಕೊಂಡ ಡಾಕ್ಟರೇ ಎಲ್ಲರಿಗಿಂತ ಜೋರಾಗಿ ನಕ್ಕರು.