ಬಾಗಿಲಿನ ರಬ್ಬರು

ನಿಟ್ಟುವಳ್ಳಿ, ದಾವಣಗೆರೆ
ತಾ. ೧೬-೮-೧೯೬೫, ಶ್ರಾವಣ ಸೋಮವಾರ

ಚಿರಂಜೀವಿ ಸೌಭಾಗ್ಯವತಿ ಪುಟ್ಟಕ್ಕನಿಗೆ ನಿನ್ನ ಮಾವ ಬೊಮ್ಮಣ್ಣನ ಆಶೀರ್ವಾದಗಳು.

ಅವ್ವಾ, ಹೆಂಗಿದ್ದೀಯ? ಮೈಯಲ್ಲಿ ಆರಾಮವೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ಕಾಗದ ಅಂದರೆ ಮೊದಲು ‘ನಾವೆಲ್ಲ ಕ್ಷೇಮ’ ಅಂತ ಹಾಕಬೇಕೆಂದು ಗಾವಟಿ ಶಾಲೆಯ ಐಗಳು ಬೆತ್ತ ಹಿಡಿದು ಕಲಿಸಿದ್ದರು. ಆ ಸಾಲನ್ನು ಎರಡು ಸಲ ಬರೆದೆ, ಎರಡು ಸಲ ಹೊಡೆದುಹಾಕಿದೆ. ಈ ಮನೆಯಲ್ಲಿ ಯಾರೂ ಕ್ಷೇಮವಾಗಿಲ್ಲ, ಸುಳ್ಳು ಯಾಕೆ ಬರೆಯಲಿ? ನಿನ್ನ ಅತ್ತೆ ಉಚ್ಚೆಂಗೆಮ್ಮನಿಗೆ ಮಂಡಿನೋವು ಜಾಸ್ತಿಯಾಗಿದೆ, ನೋವಿಗಿಂತ ಗೊಣಗುವುದು ಜಾಸ್ತಿ. ನೀನು ಪಂಚಮಿಗೆ ತವರಿಗೆ ಹೋಗಿದ್ದೀಯ ಅಂತ ಓಣಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಪಂಚಮಿ ಮುಗಿದು ಎರಡು ವಾರವಾಯಿತು, ನೀನು ಹೋಗಿ ಮೂರು ತಿಂಗಳ ಮೇಲಾಯಿತು, ಓಣಿಯವರಿಗೇನು ಲೆಕ್ಕ ಬರುವುದಿಲ್ಲವೇ? ನನಗೆ ಮಾತ್ರ ಏನೂ ಆಗಿಲ್ಲ. ಕಲ್ಲುಗುಂಡಿನ ಹಾಗಿದ್ದೇನೆ. ಎಪ್ಪತ್ತರ ಹತ್ತಿರ ಬಂದವನು ಗಟ್ಟಿಯಾಗಿ ಉಳಿದು, ಏಳು ವರ್ಷದ ಮಗು ಹೋಯಿತಲ್ಲ, ದೇವರು ಯಾವ ಚೀಟಿ ನೋಡಿ ಕರೆಯುತ್ತಾನೋ ಗೊತ್ತಿಲ್ಲ. ಬರುವ ಶನಿವಾರಕ್ಕೆ ನಮ್ಮ ರಂಗಿ ಹೋಗಿ ನಾಲ್ಕು ತಿಂಗಳು.

ಹೋದ ಶುಕ್ರವಾರ ನಿಮ್ಮಣ್ಣ ಹನುಮಂತಪ್ಪ ಮಂಡಿಪೇಟೆಯಲ್ಲಿ ಸಿಕ್ಕಿದ. ನನ್ನನ್ನು ಕಂಡು ಮೊದಲು ಮುಖ ತಿರುಗಿಸಿದ. ಅವನದೇನೂ ತಪ್ಪಿಲ್ಲ, ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ನಾನೇ ಮೇಲೆ ಬಿದ್ದು ನಿನ್ನ ಸುದ್ದಿ ಕೇಳಿದೆ. “ಏನ್ ಹೇಳ್ಲಿ ಮಾವ, ಮನ್ಯಾಗಿನ ಬಾಗಿಲೆಲ್ಲ ಎರಡೆರಡು ಸಲ ಮುಚ್ಚಿ ನೋಡ್ತಾಳ್ರಿ. ಮುಚ್ಚಿದ್ದನ್ನೇ ಮತ್ತೆ ಮುಚ್ತಾಳೆ” ಅಂದ. ಊಟಕ್ಕೆ ಕೂತವಳು ತುತ್ತು ಕೈಯಲ್ಲಿ ಹಿಡಿದೇ ಎದ್ದು ಹೋಗಿ ಹಿತ್ತಿಲ ಕದ ತಳ್ಳಿ ನೋಡಿ ಬರುತ್ತೀಯಂತೆ. ಕೊಂಡ ಬೆಲ್ಲವನ್ನು ಅಂಗಡಿಯ ಕಟ್ಟೆಯ ಮೇಲೇ ಮರೆತು ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿ ನಿಮ್ಮೂರು ಹರಿಹರಕ್ಕೂ ಬಂದೆ. ಹೊಳೆ ದಂಡೆ ತುಂಬಿ ಹರಿಯುತ್ತಿತ್ತು. ಅಲ್ಲೇ ಕಲ್ಲಿನ ಮೇಲೆ ಕೂತೆ, ಗುಡಿಯ ಒಳಗೂ ಹೋಗದೆ ಹೊರಗಿನಿಂದಲೇ ಕೈ ಮುಗಿದೆ, ನಿಮ್ಮ ಓಣಿಯ ಬಾಯಿಯ ತನಕ ಬಂದು ಮಧ್ಯಾಹ್ನದ ಬಸ್ಸಿಗೆ ತಿರುಗಿ ಬಂದುಬಿಟ್ಟೆ. ನಿನ್ನೆದುರು ನಿಂತು ಮಾತಾಡುವ ಮುಖ ಇರಲಿಲ್ಲ. ಅರ್ಧ ಗಂಟೆಯ ದಾರಿಗೆ ಮುದುಕ ಕಾಗದ ಯಾಕೆ ಬರೆದ ಅಂತ ನೀನು ಕೇಳಿಕೊಂಡರೆ, ಇದೇ ಕಾರಣ.

ರೇವಣ್ಣನ ಸುದ್ದಿಯನ್ನೂ ಬರೆಯುತ್ತೇನೆ. ನೀನು ಕೇಳದಿದ್ದರೂ ಬರೆಯುತ್ತೇನೆ, ಅವನು ನಿನ್ನ ಗಂಡ. ಮಿಲ್ಲಿನಿಂದ ಬಂದವನು ಅಂಗಿ ಕಳಚುವ ಮೊದಲೇ ಆ ಫ್ರಿಜ್ಜಿನ ಮುಂದೆ ಕೂರುತ್ತಾನೆ. ನೀನು ಹೋದಾಗಿನಿಂದ ಇದೇ ಆಗಿದೆ. ಮಿಲ್ಲಿನ ಸಾಹೇಬರು ಮುಂಬಯಿಗೆ ವರ್ಗವಾಗಿ ಹೋಗುವಾಗ ಮಗುವಿನ ಔಷಧಕ್ಕಾದೀತು ಅಂತ ಕೊಟ್ಟುಹೋದ ಹಳೆಯ ಪೆಟ್ಟಿಗೆ. ದೀಪಾವಳಿಯ ಹಿಂದಿನ ದಿನ ಗಾಡಿಯಲ್ಲಿ ಬಂದು ಇಳಿದಾಗ ಓಣಿಯೆಲ್ಲ ನೆರೆದಿತ್ತು, ನಿನ್ನ ಅತ್ತೆ ಹೊಸ ಸೊಸೆ ಬಂದ ಹಾಗೆ ಅದಕ್ಕೆ ಆರತಿ ಎತ್ತಿ ಕುಂಕುಮ ಇಟ್ಟಿದ್ದಳು. ಅದು ಬರುವ ಮೊದಲು ಒಂದೂವರೆ ವರ್ಷ ನೀನು ರಂಗಿಯ ಇನ್ಸುಲಿನ್ ಶೀಶೆಯನ್ನು ಒದ್ದೆ ಮರಳಿನ ಗಡಿಗೆಯಲ್ಲಿ ಹೂತಿಟ್ಟು, ಹೊತ್ತು ಹೊತ್ತಿಗೆ ನೀರು ಚಿಮುಕಿಸಿ ಕಾಪಾಡಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ. ದಿನಾ ಬೆಳಿಗ್ಗೆ ಸಿರಿಂಜು ಕುದಿಸಿ, ಶೀಶೆಯನ್ನು ಎರಡೂ ಅಂಗೈಯ ನಡುವೆ ಹೊರಳಿಸಿ, ಮಗುವಿಗೆ ಏನಾದರೊಂದು ಸುಳ್ಳು ಕತೆ ಹೇಳಿ ನಗಿಸಿ ಸೂಜಿ ಚುಚ್ಚುತ್ತಿದ್ದೆ. ನಾನು ಪಡಸಾಲೆಯಲ್ಲಿ ಕೂತು ಬೇರೆ ಕಡೆ ನೋಡುತ್ತಿದ್ದೆ. ಮೂರು ಎಕರೆ ಉತ್ತ ಗಂಡಸು, ಆ ಸೂಜಿ ನೋಡುವ ಎದೆ ನನಗಿರಲಿಲ್ಲ.

ಆಸ್ಪತ್ರೆಯಲ್ಲಿ ಅವತ್ತು ಡಾಕ್ಟರು ಶೀಶೆಯನ್ನು ಬೆಳಕಿಗೆ ಹಿಡಿದು ಹೇಳಿದ್ದು ನಿನಗೂ ನೆನಪಿರುತ್ತದೆ. ಈ ಔಷಧ ಹೆಪ್ಪುಗಟ್ಟಿ ಕರಗಿದೆ, ಹೆಪ್ಪುಗಟ್ಟಿದರೆ ಇದರ ಕಸುವು ಹೋಗುತ್ತದೆ, ಇಷ್ಟು ದಿನ ಮಗುವಿಗೆ ಬರೀ ನೀರು ಚುಚ್ಚಿದ ಹಾಗಾಗಿದೆ ಅಂದರು. ನಮಗೆ ಅದನ್ನು ಮೊದಲು ಯಾರು ಹೇಳಿದ್ದರು? ತಣ್ಣಗಿಡಿ ಅಂದಿದ್ದರು. ತಣ್ಣಗಿದ್ದಷ್ಟೂ ಒಳ್ಳೆಯದು ಅಂತ ಮನೆಮಂದಿಯೆಲ್ಲ ತಿಳಿದಿದ್ದೆವು. ಮಗುವನ್ನು ಮಣ್ಣಿಗೆ ಕೊಟ್ಟು ಬಂದ ಸಂಜೆ ರೇವಣ್ಣ ಫ್ರಿಜ್ಜಿನ ಬಾಗಿಲು ತೆಗೆದು ನೋಡಿದ. ಸುತ್ತಲಿನ ರಬ್ಬರು ಕೆಳಗಡೆ ಬಿರುಕು ಬಿಟ್ಟಿತ್ತು. ಬಾಗಿಲು ಸರಿಯಾಗಿ ಕೂತಿಲ್ಲ, ಅದಕ್ಕೇ ಮಿಷನ್ನು ನಿಲ್ಲದೆ ಓಡಿ ಒಳಗೆಲ್ಲ ಹೆಪ್ಪುಗಟ್ಟಿದೆ ಅಂತ ಅವನು ತೀರ್ಮಾನ ಮಾಡಿದ. ಕೆಳಗೆ ನೀರು ಸೋರುತ್ತದೆ ಅಂತ ನೀನು ಎರಡು ಸಲ ಹೇಳಿದ್ದೆ, ಬಾಗಿಲು ಒತ್ತಿ ಮುಚ್ಚು ಅಂತ ಅವನು ಹೇಳಿದ್ದ. ಅದನ್ನೆಲ್ಲ ಕೂಡಿಸಿ, ಎಲ್ಲರೂ ಇದ್ದಾಗ ಆ ಮಾತು ಆಡಿದ: “ಒಂದು ಬಾಗಿಲು ಮುಚ್ಚಾಕ ಬರಲಿಲ್ಲೇನು ನಿನಗ?” ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀನು ಹನ್ನೊಂದು ದಿನ ಮಾತಾಡದೆ ಎಲ್ಲ ಕೆಲಸ ಮಾಡಿ, ಹನ್ನೆರಡನೇ ದಿನ ಅಣ್ಣನ ಜೊತೆ ಹೊರಟುಹೋದೆ. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಹೋಗಬೇಡ ಅಂತ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ.

ಆಮೇಲೆ ಶುರುವಾಯಿತು ನೋಡು ಅವನ ರಿಪೇರಿ. ಆ ರಬ್ಬರಿಗಾಗಿ ಮಂಡಿಪೇಟೆಯ ಅಂಗಡಿಗಳನ್ನೆಲ್ಲ ತಿರುಗಿದ. ಹತ್ತಿ, ಮೆಣಸಿನಕಾಯಿ, ಹಗ್ಗ ಮಾರುವವರು ಅವರು, ಫ್ರಿಜ್ಜಿನ ರಬ್ಬರು ಎಲ್ಲಿಂದ ತರಬೇಕು ಪಾಪ. ಸೈಕಲ್ ಟ್ಯೂಬು ಸೀಳಿ ಹೊಲಿದು ಹಾಕಿದ, ಅದು ನಿಲ್ಲಲಿಲ್ಲ. ಕೊನೆಗೆ ಮುಂಬಯಿಗೆ ಬರೆದು ತರಿಸಿದ. ಪಾರ್ಸಲ್ಲಿನಲ್ಲಿ ಮಡಚಿ ಸುಕ್ಕುಗಟ್ಟಿ ಬಂದ ರಬ್ಬರನ್ನು ಬಿಸಿನೀರಿನ ಹಂಡೆಯಲ್ಲಿ ನೆನೆಸಿ ನೇರ ಮಾಡಿ, ಹಳೆಯದನ್ನು ಒಂದೊಂದೇ ಸ್ಕ್ರೂ ಬಿಚ್ಚಿ ತೆಗೆದು ಹೊಸದನ್ನು ಕೂರಿಸಿದ. ಆಮೇಲೆ ಕ್ಯಾಲೆಂಡರಿನ ಹಾಳೆ ಹರಿದು ಪಟ್ಟಿ ಮಾಡಿ, ಬಾಗಿಲ ಸುತ್ತ ಗೇಣಿಗೊಂದು ಕಡೆ ಸಿಕ್ಕಿಸಿ ಮುಚ್ಚಿ ಎಳೆದು ನೋಡುತ್ತಾನೆ. ಕಾಗದ ಸಲೀಸಾಗಿ ಬಂದರೆ ಅಲ್ಲಿ ಸಂದಿದೆ ಅಂತ ಅರ್ಥವಂತೆ. ಎಲ್ಲೂ ಬರಲಿಲ್ಲ. ಅಷ್ಟಕ್ಕೆ ಬಿಟ್ಟನೇ? ಕೀಲು ಸವೆದಿದೆ ಅಂದ. ಹರಿಹರದ ಕಾರ್ಖಾನೆಯಲ್ಲಿ ಲೇತು ಓಡಿಸುವ ಅವನ ಗೆಳೆಯ ಮೈಲಪ್ಪನ ಹತ್ತಿರ ಹಿತ್ತಾಳೆಯ ಹೊಸ ಕೀಲು ಕಡೆಸಿಕೊಂಡು ಬಂದ. ಅದಕ್ಕೆ ಮೂರು ಸಲ ಹರಿಹರಕ್ಕೆ ಬಂದಿದ್ದಾನೆ, ನಿಮ್ಮ ಓಣಿಗೆ ಕಾಲಿಟ್ಟಿಲ್ಲ. ಅಪ್ಪನ ಬುದ್ಧಿ ಮಗನಿಗೆ. ಆಮೇಲೆ ಒಳಗೆ ಚಳಿ ಹೆಚ್ಚು ಕಡಿಮೆ ಮಾಡುವ ಗುಂಡಿ ಇದೆಯಲ್ಲ, ಅದಕ್ಕೆ ಥರ್ಮೋಸ್ಟಾಟ್ ಅಂತಾನೆ, ಅದನ್ನೂ ಬದಲಾಯಿಸಿದ. ಒಂದು ಲೋಟ ನೀರಿಟ್ಟು, ಅದರಲ್ಲಿ ಜ್ವರ ನೋಡುವ ಕಡ್ಡಿಯಂಥದ್ದನ್ನು ಇಳಿಬಿಟ್ಟು ಬರೆದುಕೊಳ್ಳುತ್ತಾನೆ. ಹಾಲು ಇಡಲು ಹೋದ ನಿನ್ನ ಅತ್ತೆಯನ್ನು ಗದರಿ ಕಳಿಸಿದ. ಅಷ್ಟೆಲ್ಲ ಸಾಮಾನು ಹಾಕಿಸಿಕೊಂಡ ಪೆಟ್ಟಿಗೆಯೊಳಗೆ ಆ ಒಂದು ಲೋಟ ನೀರು ಬಿಟ್ಟರೆ ಏನೂ ಇಲ್ಲ.

ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಹಾಗೆ, ಈಗ ರಿಪೇರಿ ಮಾಡಿ ಯಾರಿಗೆ ಔಷಧ ಇಡಬೇಕು? ಈಚೆಗೆ ತಿಳಿಯಿತು. ಅವನು ರಿಪೇರಿ ಮಾಡುತ್ತಿರಲಿಲ್ಲ ಪುಟ್ಟಕ್ಕ. ನಿನ್ನ ಮೇಲೆ ಹೊರಿಸಿದ ತಪ್ಪನ್ನು ಇಳಿಸಿ ಇಡಲು ಒಂದು ಕೆಟ್ಟ ಸಾಮಾನು ಹುಡುಕುತ್ತಿದ್ದ. ಹೋದ ಭಾನುವಾರದ ಹಿಂದಿನ ಭಾನುವಾರ ಹಳೆಯ ರಬ್ಬರು, ಹಳೆಯ ಕೀಲು, ಹಳೆಯ ಗುಂಡಿ ಎಲ್ಲವನ್ನೂ ಮತ್ತೆ ಹಾಕಿ ಮೂರು ದಿನ ನೋಡಿದ್ದನ್ನು ನನ್ನೆದುರು ಓದಿ ಹೇಳಿದ. ನೀರು ಹೆಪ್ಪುಗಟ್ಟಲೇ ಇಲ್ಲವಂತೆ. “ಅಪ್ಪಾ, ಹಳೇ ಸಾಮಾನೂ ಸರೀನೇ ಐತೆ. ಹಂಗಾದ್ರೆ ಬಾಗಿಲು ತೆರೆದೇ ಇತ್ತು” ಅಂದ. ಬಾಗಿಲು ಸಂದು ಬಿಟ್ಟು ನೋಡಿದೆಯೇನಪ್ಪ ಅಂತ ಕೇಳಿದೆ. ಅದನ್ನೇನು ನೋಡೋದು ಅಂತ ಎದ್ದು ಹೋದ. ಬಚ್ಚಲಲ್ಲಿ ಬಹಳ ಹೊತ್ತು ನೀರು ಹೊಯ್ದುಕೊಳ್ಳುತ್ತಿದ್ದ, ಅಳುವ ಸದ್ದು ಕೇಳದಿರಲಿ ಅಂತ.

ಇವತ್ತು ಸೋಮವಾರ. ಎತ್ತುಗಳಿದ್ದ ಕಾಲದಲ್ಲಿ ಈ ದಿನ ನನಗೆ ಬಹಳ ಇಷ್ಟ. ಬಸವಣ್ಣನ ವಾರ, ಎಂಥ ಹದ ಇದ್ದರೂ ನೊಗ ಹೂಡುತ್ತಿರಲಿಲ್ಲ. ಕೆಂದನನ್ನೂ ಮಲ್ಲನನ್ನೂ ಕೆರೆಯಲ್ಲಿ ಮೈ ತೊಳೆದು ನೆರಳಿಗೆ ಕಟ್ಟಿದರೆ ಅವು ಮೆಲುಕು ಹಾಕುವುದನ್ನು ನೋಡುತ್ತಲೇ ನನ್ನ ಹೊಟ್ಟೆ ತುಂಬುತ್ತಿತ್ತು. ಹೊಲ ಕೈಬಿಟ್ಟು ಎತ್ತು ಕೊಟ್ಟ ಮೇಲೆ ಸೋಮವಾರಕ್ಕೆ ಅರ್ಥವೇ ಉಳಿಯಲಿಲ್ಲ. ರಂಗಿಗೆ ಮಾತ್ರ ಆ ಕತೆ ಎಷ್ಟು ಹೇಳಿದರೂ ಸಾಲದು. ಎತ್ತಿಗೆ ರಜೆ ಅಂತ ಯಾರು ಹೇಳುತ್ತಿದ್ದರು, ಅದಕ್ಕೆ ಹೆಂಗೆ ಗೊತ್ತಾಗುತ್ತಿತ್ತು ಅಂತ ತಲೆ ತಿನ್ನುತ್ತಿದ್ದಳು.

ಕಾಗದ ಉದ್ದವಾಯಿತು. ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮ ಅಪ್ಪ ಅವ್ವನಿಗೆ ನನ್ನ ಶರಣು ಹೇಳು, ಹನುಮಂತಪ್ಪನಿಗೆ ನಾನು ಬೇಜಾರು ಮಾಡಿಕೊಂಡಿಲ್ಲ ಅಂತ ಹೇಳು. ನಿನ್ನ ಅತ್ತೆ ಒಲೆಯ ಮುಂದಿನಿಂದಲೇ, ಪುಟ್ಟಕ್ಕನ ಮಣೆ ಹಾಗೇ ಇಟ್ಟಿದ್ದೇನೆ ಅಂತ ಬರಿ ಅನ್ನುತ್ತಿದ್ದಾಳೆ. ಬರೆದಿದ್ದೇನೆ. ಆ ಹೊಳೆದಂಡೆಯ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತು ನಿನ್ನ ಮಾವ,
ಬೊಮ್ಮಣ್ಣ

ತಾ.ಕ.: ಪುಟ್ಟಕ್ಕ, ಲಕೋಟೆಗೆ ಅಂಟು ಹಚ್ಚಿ ಪೋಸ್ಟ್ ಡಬ್ಬಿಯ ತನಕ ಹೋಗಿ ತಿರುಗಿ ಬಂದು ಬಿಚ್ಚಿದ್ದೇನೆ. ಬರೆಯಬೇಕಾದದ್ದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದೇನೆ. ಶಿವರಾತ್ರಿ ಕಳೆದು ಸೆಕೆ ಶುರುವಾದಾಗ ಒಂದು ದಿನ ರಂಗಿ ಫ್ರಿಜ್ಜಿಗೆ ಕಿವಿ ಇಟ್ಟು, “ಅಜ್ಜಾ, ಇದು ಹಗಲೂ ರಾತ್ರಿ ಉಸಿರು ಬಿಡ್ತೈತಿ. ಇದಕ್ಕೆ ಸೋಮವಾರ ಇಲ್ಲೇನು?” ಅಂತ ಕೇಳಿದಳು. ಮಗು ಕೇಳಿತು, ಮಾಡಿದವನು ನಾನು. ಪ್ರತಿ ಸೋಮವಾರ ನೀನು ಸೂಜಿ ಚುಚ್ಚಿ ಕೆರೆಗೆ ಬಟ್ಟೆ ಒಯ್ದ ಮೇಲೆ ಗೋಡೆಯ ಸ್ವಿಚ್ಚು ಆರಿಸುತ್ತಿದ್ದೆ. ನೀನು ಕಂಡ ನೀರು ಅದೇ. ದೀಪ ಹಚ್ಚುವ ಹೊತ್ತಿಗೆ ಮತ್ತೆ ಹಾಕುತ್ತಿದ್ದೆ. ರಜೆ ಉಂಡ ಎತ್ತು ಮರುದಿನ ಒಂದು ಸಾಲು ಹೆಚ್ಚು ಹೊಡೆಯಬೇಕಲ್ಲ, ಅದಕ್ಕೆ ಗುಂಡಿಯನ್ನು ಕೊನೆಯ ಅಂಕಿಯ ತನಕ ತಿರುಗಿಸಿಬಿಡುತ್ತಿದ್ದೆ. ಮಂಗಳವಾರ ನೀವೆಲ್ಲ ಏಳುವ ಮೊದಲೇ ಎದ್ದು ಗುಂಡಿಯನ್ನು ಇದ್ದಲ್ಲಿಗೇ ತರುತ್ತಿದ್ದೆ. ಒಂದು ಮಂಗಳವಾರ ನೀನು, ಮಾವ, ಶೀಶೆ ಕಲ್ಲಾಗೈತೆ ಅಂದಿದ್ದೆ. ತಣ್ಣಗಿದ್ದಷ್ಟೂ ಒಳ್ಳೇದವ್ವ ಅಂತ ಹೇಳಿದವನು ನಾನೇ. ನೀನು ನನ್ನ ಮಾತು ನಂಬಿ, ಅಂಗೈಯಲ್ಲಿ ಉಜ್ಜಿ ಕರಗಿಸಿದೆ.

ಡಾಕ್ಟರು ಹೇಳಿದಾಗಲೇ ಆ ಸೋಮವಾರಗಳು ನೆನಪಾಗಿದ್ದವು, ಆದರೂ ಅಲ್ಲ, ಅಲ್ಲ ಅಂದುಕೊಂಡು ನಾಲ್ಕು ತಿಂಗಳು ಕಳೆದೆ. ಹೋದ ಸೋಮವಾರ ರೇವಣ್ಣನಿಗೆ ರಾತ್ರಿ ಪಾಳಿ. ನೀನು ಗೂಡಿನಲ್ಲಿಟ್ಟು ಹೋದ ರಂಗಿಯ ಖಾಲಿ ಶೀಶೆಗೆ ನೀರು ತುಂಬಿ, ಫ್ರಿಜ್ಜಿನಲ್ಲಿ ಅದರ ಜಾಗದಲ್ಲೇ ಇಟ್ಟು, ಮೊದಲು ಮಾಡುತ್ತಿದ್ದ ಹಾಗೇ ಎಲ್ಲ ಮಾಡಿದೆ. ಮಂಗಳವಾರ ಬೆಳಿಗ್ಗೆ ಶೀಶೆ ಗಟ್ಟಿ ಕಲ್ಲಾಗಿತ್ತು. ನಿನ್ನ ಹಾಗೆ ಎರಡೂ ಅಂಗೈಯಲ್ಲಿ ಹೊರಳಿಸುತ್ತ ಕೂತೆ, ಕರಗಲು ಬಹಳ ಹೊತ್ತಾಯಿತು.

ಈ ಕಾಗದ ಡಬ್ಬಿಗೆ ಬಿದ್ದ ಮೇಲೆ ರೇವಣ್ಣನಿಗೆ ಹೇಳುತ್ತೇನೆ. ಮೊದಲು ನಿನಗೆ ತಿಳಿಯಬೇಕಿತ್ತು. ನನ್ನನ್ನು ಕ್ಷಮಿಸು ಅಂತ ಬರೆಯುವುದಿಲ್ಲ, ಆ ಮಾತಿಗೆ ನಾನು ಯೋಗ್ಯನಲ್ಲ. ನೀನು ಇಲ್ಲಿಗೆ ಬಂದರೂ ಸರಿ, ಬಾರದಿದ್ದರೂ ಸರಿ, ಇದೊಂದನ್ನು ನಂಬು. ಇನ್ನು ಎದ್ದು ಹೋಗಿ ಕದ ನೋಡಬೇಡ. ಬಾಗಿಲು ನೀನು ಸರಿಯಾಗಿಯೇ ಮುಚ್ಚಿದ್ದೆ, ಅವ್ವಾ.